ಹಗುರಾದವರು ಕೂತುಕೊಳ್ಳಬೇಕು

ನಮ್ಮ ನಡುಮನೆಯಲ್ಲಿ ಒಂದು ಹಳೆಯ ಮಂಚವಿದೆ, ನನ್ನ ಮದುವೆಯಲ್ಲಿ ಅಪ್ಪ ಮಾಡಿಸಿಕೊಟ್ಟದ್ದು. ಬೆಕ್ಕು ಹತ್ತಿದರೂ ಕಿರ್ರೆನ್ನುತ್ತದೆ. ನಮ್ಮ ಯಜಮಾನರು ಬದುಕಿದ್ದಾಗ ಅದರ ಕೀಲಿಗೆ ಹರಳೆಣ್ಣೆ ಬಿಟ್ಟು, ಸಂದಿಗೆ ಬಟ್ಟೆ ತುರುಕಿ, ಬೆಣೆ ಹೊಡೆದು, ಕೊನೆಗೆ ಕೈಮುಗಿದು ಬಿಟ್ಟಿದ್ದರು. ಅಂಥ ಮಂಚದ ಮೇಲೆ ನನ್ನ ಸೊಸೆ ದೇವೀರಿ ಬಂದ ದಿನ ಕೂತಾಗ ಸದ್ದೇ ಆಗಲಿಲ್ಲ. ಬೇಳೆ ಬೇಯುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಆದರೂ ಅಲ್ಲಿಂದಲೇ ಶುರುಮಾಡುತ್ತೇನೆ.

ದೇವೀರಿ ನೋಡಲು ತುಂಬಿದ ಮೈಯ ಹುಡುಗಿ. ಕಣಿವೆಯಾಚೆಯ ಊರಿನವಳು. ನನ್ನ ಮಗ ಪಾಲಾಕ್ಷ ಹೆಂಚು ಹೊದಿಸುವ ಕೆಲಸದವನು. ಒಂದು ಬೇಸಿಗೆಯಲ್ಲಿ ಅವಳ ಊರಿನ ಛತ್ರಕ್ಕೆ ಮಾಡು ಹೊದಿಸಲು ಹೋಗಿದ್ದ. ಕೆಳಗೆ ನಿಂತು ಹೆಂಚು ಎಸೆಯುತ್ತಿದ್ದವಳು ಇವಳು, ಮೇಲೆ ಕೂತು ಹಿಡಿಯುತ್ತಿದ್ದವನು ಇವನು. ಇಡೀ ಛತ್ರಕ್ಕೆ ಒಂದು ಹೆಂಚೂ ಒಡೆಯಲಿಲ್ಲವಂತೆ. "ಅಷ್ಟು ಸಾಕಾಯ್ತಾ ನಿಂಗೆ?" ಅಂತ ಕೇಳಿದ್ದಕ್ಕೆ, "ಇನ್ನೇನು ಬೇಕವ್ವ?" ಅಂದ.

ನಮ್ಮೂರಿನಲ್ಲಿ ಹೊರಗಿನಿಂದ ಗಂಡನನ್ನೋ ಹೆಂಡತಿಯನ್ನೋ ಕರೆತಂದವರು ಮನೆಗೆ ಹೋಗುವ ಮೊದಲು ದೊಡ್ಡಾಸ್ಪತ್ರೆಗೆ ಹೋಗಬೇಕು. ಅದರ ಬಾಗಿಲಿಗೆ ಹೊಸ್ತಿಲಿಲ್ಲ. ಹೊಸ್ತಿಲಿನ ಜಾಗದಲ್ಲಿ ಒಂದು ಕಬ್ಬಿಣದ ಹಲಗೆ, ಪಕ್ಕದ ಗೋಡೆಯ ಮೇಲೆ ಗಡಿಯಾರದಂಥ ಒಂದು ಮುಖ, ಅದಕ್ಕೆ ಒಂದೇ ಮುಳ್ಳು. ಊರಿನವರು ಹಲಗೆ ತುಳಿದರೆ ಮುಳ್ಳು ತಿರುಗುತ್ತದೆ, ಅವರು ಒಳಗೆ ಹೋಗುತ್ತಾರೆ. ಹಲ್ಲುನೋವಿನಿಂದ ಹಿಡಿದು ಹೊಟ್ಟೆಯ ಗಡ್ಡೆಯವರೆಗೆ ಏನೇ ಇರಲಿ, ಒಂದು ಬಿಡಿಗಾಸು ಕೇಳುವವರಿಲ್ಲ. ಹೊರಗಿನಿಂದ ಬಂದವರು ತುಳಿದರೆ ಮುಳ್ಳು ಅಲುಗುವುದಿಲ್ಲ. ಆಗ ಕರೆತಂದವರು ಹಲಗೆಯ ಮೇಲೆ ನಿಂತು, ಅವರ ಕೈ ಹಿಡಿದು, ಭಾರ ನನ್ನದು ಅನ್ನಬೇಕು. ಅಂದ ಗಳಿಗೆಯಿಂದ ಇಬ್ಬರ ಭಾರವೂ ಒಬ್ಬರ ಕಾಲಿಗೆ ಬರುತ್ತದೆ. ಬಂದವರನ್ನು ಊರು ತಾನಾಗಿ ಹೊರುವವರೆಗೆ ಅದು ಇಳಿಯುವುದಿಲ್ಲ. ಎಷ್ಟು ಕಾಲ ಅಂತ ಹೇಳಬಲ್ಲವರಿಲ್ಲ. ಕೆಲವರಿಗೆ ಒಂದು ಮಳೆಗಾಲ, ಕೆಲವರಿಗೆ ಮೂರು.

ಆ ಹಲಗೆಯೇ ಊರಿನ ತಕ್ಕಡಿ. ಅದನ್ನು ಕಾಯುವ ಮಾಳಕ್ಕ, ಪಾಲಾಕ್ಷ ದೇವೀರಿಯನ್ನು ಕರೆತಂದ ದಿನ ಮಡಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಳು ಹಿತುಕುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು: "ಏನಪ್ಪ ಪಾಲಾಕ್ಷ, ಯೋಚ್ನೆ ಮಾಡಿದೀಯಾ? ಹೆಂಚಿನ ಮೇಲೆ ಓಡಾಡೋ ಕಾಲು ನಿಂದು."

"ಮಾಡಿದೀನಿ ಮಾಳಕ್ಕ."

"ಮುಳ್ಳು ತಿರುಗೋ ತನಕ ಕಾಯಿಲೆ ಗೀಯಿಲೆ ಅಂತ ಇವಳನ್ನ ಇಲ್ಲಿಗೆ ತರೋ ಹಾಗಿಲ್ಲ. ನಿನ್ನ ಮನೆಯೇ ಆಸ್ಪತ್ರೆ, ನಿಮ್ಮವ್ವನೇ ಡಾಕ್ಟ್ರು. ಗೊತ್ತಲ್ಲ?"

ಗೊತ್ತು ಅಂದ. ಹಲಗೆಯ ಮೇಲೆ ನಿಂತು ಅವಳ ಕೈ ಹಿಡಿದು ಹೇಳಬೇಕಾದ್ದನ್ನು ಹೇಳಿದ. ಮುಳ್ಳು ಅವನ ತೂಕವನ್ನು ದಾಟಿ ಮುಂದಕ್ಕೆ ಹೋಯಿತು. ಅವನ ಮಂಡಿ ಸ್ವಲ್ಪ ಬಾಗಿದ್ದನ್ನು ನಾನು ನೋಡಿದೆ, ದೇವೀರಿಯೂ ನೋಡಿದಳು. ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಅವನ ಕಾಲನ್ನೇ ನೋಡುತ್ತ ನಡೆದಳು. ಹಸಿ ಮಣ್ಣಿನಲ್ಲಿ ಅವನ ಹೆಜ್ಜೆ ಆಳವಾಗಿ ಮೂಡುತ್ತಿತ್ತು, ಅವಳದ್ದು ಮೂಡುತ್ತಿರಲಿಲ್ಲ.

ಅದಾದ ವಾರದಲ್ಲೇ ಪಾಲಾಕ್ಷ ಗೌಡರ ಮನೆಯ ಮಾಡಿನ ಮೇಲೆ ಹತ್ತಿ ಎರಡು ಸಾಲು ಹೆಂಚು ಪುಡಿಮಾಡಿದ. ಆಮೇಲೆ ಯಾರೂ ಮಾಡು ಹತ್ತಲು ಕರೆಯಲಿಲ್ಲ. ಹೆಂಚಿನ ಭಟ್ಟಿಯಲ್ಲಿ ಜೇಡಿಮಣ್ಣು ತುಳಿಯುವ ಕೆಲಸಕ್ಕೆ ಹೋದ. ಭಟ್ಟಿಯ ಯಜಮಾನನಿಗೆ ಖುಷಿಯೋ ಖುಷಿ. "ಒಂದಾಳಿನ ಕೂಲಿ, ಎರಡಾಳಿನ ತುಳಿತ. ನಿನ್ನ ಹೆಂಡ್ತಿ ಇನ್ನೂ ಸ್ವಲ್ಪ ತಿನ್ನಲಿ ಮಾರಾಯ," ಅನ್ನುತ್ತಿದ್ದನಂತೆ. ಪಾಲಾಕ್ಷ ಅದನ್ನು ಮನೆಗೆ ಬಂದು ಹೇಳಿ ನಗುತ್ತಿದ್ದ. ರಾತ್ರಿ ಅಟ್ಟದ ಏಣಿ ಹತ್ತುವಾಗ ಪ್ರತಿ ಮೆಟ್ಟಿಲೂ ನರಳುತ್ತಿತ್ತು. ಆ ನರಳಾಟ ಕೇಳಿಸಿದ ಮೇಲೇ ನನಗೆ ನಿದ್ದೆ.

ಯಾಕೆ ಅಂತ ಹೇಳಬೇಕಾದರೆ ಮಂಡಕ್ಕಿ ಕರಿಸಿದ್ಧಪ್ಪನ ವಿಷಯ ಹೇಳಬೇಕು. ನಮ್ಮ ಬೀದಿಯ ಕೊನೆಯ ಮನೆ ಅವನದು. ಅವನೂ ಹೊರಗಿನಿಂದ ಹೆಂಡತಿಯನ್ನು ತಂದಿದ್ದ, ಎರಡು ವರ್ಷ ಹೊತ್ತಿದ್ದ. ಒಂದು ಸಂತೆಯ ದಿನ ಮಂಡಕ್ಕಿ ಅಳೆಯುತ್ತ ನಿಂತಿದ್ದವನಿಗೆ ಇದ್ದಕ್ಕಿದ್ದಂತೆ ಕಾಲು ಹಗುರವಾಯಿತು. ಊರು ಅವಳನ್ನು ಹೊತ್ತುಕೊಂಡಿತು ಅಂತ ಅವನು ಚೀಲದ ಮಂಡಕ್ಕಿಯನ್ನೆಲ್ಲ ಜನರ ತಲೆಯ ಮೇಲೆ ತೂರಿದ. ಕುಣಿದ. ಬೆಲ್ಲದಂಗಡಿಯ ಮುಂದೆ ನಿಂತು ಎಲ್ಲರ ಬಾಯಿಗೂ ಬೆಲ್ಲ ಹಾಕಿಸಿದ. ಅರ್ಧ ಸಂತೆ ಅವನ ಹಿಂದೆ ಮನೆಗೆ ಹೋಯಿತು, ನಾನೂ ಹೋಗಿದ್ದೆ, ನನ್ನ ಬಾಯಲ್ಲಿ ಬೆಲ್ಲ ಇನ್ನೂ ಕರಗಿರಲಿಲ್ಲ. ಅವನ ಹೆಂಡತಿ ಒರಳಿನ ಪಕ್ಕ ಒರಗಿಕೊಂಡಿದ್ದಳು. ರುಬ್ಬಿದ ಹಿಟ್ಟು ಕೈಯಲ್ಲಿ ಒಣಗಿತ್ತು, ಉಸಿರು ನಿಂತಿತ್ತು.

ಭಾರ ಇಳಿಯುವುದಕ್ಕೆ ಎರಡು ಕಾರಣಗಳಿವೆ ಎಂಬುದನ್ನು ಅವತ್ತಿನವರೆಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆಮೇಲೆ ಊರಿನಲ್ಲಿ ಒಂದು ಪದ್ಧತಿ ಬಂತು. ಹಗುರಾದವರು ಎಲ್ಲಿದ್ದಾರೋ ಅಲ್ಲೇ ಕೂತುಬಿಡಬೇಕು. ಓಡಬಾರದು, ಕೂಗಬಾರದು, ನಗಬಾರದು. ಕೂತಿದ್ದೇನೆ ಅಂತ ಹೇಳಿದರೆ ಸಾಕು, ಪಕ್ಕದಲ್ಲಿದ್ದವರು ಹೋಗಿ ನೋಡಿ ಬರುತ್ತಾರೆ. ನೋಡಿ ಬಂದವರು ಎಬ್ಬಿಸುವವರೆಗೆ ಏಳುವಂತಿಲ್ಲ. ಕರಿಸಿದ್ಧಪ್ಪ ಈಗಲೂ ಮಂಡಕ್ಕಿ ಮಾರುತ್ತಾನೆ. ಎರಡು ಆಳಿನ ಭಾರ ಹೊತ್ತವನ ಹಾಗೆಯೇ ಕಾಲೆಳೆದು ನಡೆಯುತ್ತಾನೆ.

ಹಾಗಾಗಿ ನಾನು ದೇವೀರಿಯನ್ನು ಹೇಗೆ ಕಾದೆ ಅಂದರೆ, ಈಗ ನೆನೆದರೆ ನನಗೇ ನಾಚಿಕೆ. ಈಳಿಗೆಮಣೆ ಮುಟ್ಟಲು ಬಿಡಲಿಲ್ಲ. ಬಾವಿಕಟ್ಟೆಯ ಪಾಚಿಯನ್ನು ದಿನವೂ ತೆಂಗಿನ ಕರಟದಲ್ಲಿ ಉಜ್ಜಿದೆ. ನೀರನ್ನು ಕುದಿಸಿ ಆರಿಸಿ ಕೊಟ್ಟೆ. ಮೀನಿನ ಮುಳ್ಳನ್ನು ನಾನೇ ಬಿಡಿಸಿ ತಟ್ಟೆಗೆ ಹಾಕಿದೆ. ಅವಳು ಸೀನಿದರೆ ನನ್ನ ಕೈಯ ಪಾತ್ರೆ ಜಾರುತ್ತಿತ್ತು.

"ಅತ್ತೆ, ನಾನೇನು ಹಪ್ಪಳವಾ? ಮುಟ್ಟಿದ್ರೆ ಮುರಿಯೋಕೆ?" ಅಂದಳು ಒಂದು ದಿನ.

"ಮುಳ್ಳು ತಿರುಗಲಿ, ಆಮೇಲೆ ಬೇಕಾದ್ರೆ ಮರ ಹತ್ತು."

"ಮರಾನೂ ಹತ್ತುತೀನಿ, ಹಲಸಿನ ಹಣ್ಣೂ ಕೀಳ್ತೀನಿ. ಕೆಳಗೆ ನೀವು ನಿಂತು ಹಿಡ್ಕೋಬೇಕು."

ನಗುನಗುತ್ತ ಹೇಳಿದಳು. ಆದರೆ ಹಿತ್ತಲಲ್ಲಿ ಒಬ್ಬಳೇ ಇರುವಾಗ ಒದ್ದೆ ನೆಲದ ಮೇಲೆ ಕಾಲಿಟ್ಟು, ಎತ್ತಿ, ಬಗ್ಗಿ ನೋಡುವುದನ್ನು ನಾನು ಅಡುಗೆಮನೆಯ ಕಿಟಕಿಯಿಂದ ಕಂಡಿದ್ದೆ. ನೆಲದಲ್ಲಿ ಏನೂ ಇರುತ್ತಿರಲಿಲ್ಲ. ಕಾಲೊರೆಸಿಕೊಂಡು ಒಳಗೆ ಬರುತ್ತಿದ್ದಳು, ಏನೂ ಆಗದವಳ ಹಾಗೆ ಮಾತಾಡುತ್ತಿದ್ದಳು.

ಸೇತುವೆಯಾಚೆ ದುಡ್ಡಿನ ಆಸ್ಪತ್ರೆ ಇದೆ. ಅಲ್ಲಿ ತಕ್ಕಡಿ ಇಲ್ಲ, ಯಾರು ಬೇಕಾದರೂ ಹೋಗಬಹುದು. ಹೋಗಿ ಬಂದವರ ಮನೆಯ ಮೇಲೆ ಹೆಂಚು ಉಳಿಯುವುದಿಲ್ಲ, ಅಷ್ಟೆ. ಮಾರಿದ ಹೆಂಚನ್ನು ಇಳಿಸಲು ಮೊದಲೆಲ್ಲ ಪಾಲಾಕ್ಷನನ್ನೇ ಕರೆಯುತ್ತಿದ್ದರು, ಅವನಿಗೆ ಆ ಮನೆಗಳೆಲ್ಲ ಗೊತ್ತು. ಅವಳಿಗೆ ಒಂದು ಸಲ ಸುಡುವ ಜ್ವರ ಬಂದಾಗ ನಾನು ಒದ್ದೆಬಟ್ಟೆ ಹಾಕುತ್ತ, ಮೆಣಸು ಜೀರಿಗೆಯ ಕಷಾಯ ಕುಡಿಸುತ್ತ ಕೂತಿದ್ದೆ. ಪಾಲಾಕ್ಷ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ನಡುನಡುವೆ ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ನೋಡುತ್ತಿದ್ದ. ಧೊಪ್ ಅನ್ನುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕುಟ್ಟುತ್ತಿದ್ದ. ಧೊಪ್. ಅವನು ಏನು ನೋಡುತ್ತಿದ್ದಾನೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಜ್ವರ ಬಿಟ್ಟ ಮೇಲೆ ದೇವೀರಿ ಕೇಳಿದಳು, "ನಿಮ್ಮ ಮಗ ಯಾಕತ್ತೆ ಅಷ್ಟೊಂದು ಕಾಲು ಕುಟ್ತಿದ್ರು?" ಸೊಳ್ಳೆ ಅಂದೆ. ಅವಳು ನನ್ನ ಮುಖ ನೋಡಿ ಕಂಬಳಿ ಎಳೆದುಕೊಂಡಳು.

ಬಸುರಿ ಎಂದು ಗೊತ್ತಾದಾಗ ನಾನು ಸಂತೋಷಪಟ್ಟೆನೋ ಹೆದರಿದೆನೋ, ಎರಡನ್ನೂ ಬೇರೆಮಾಡಿ ಹೇಳಲಾರೆ. ಹೆರಿಗೆಯೊಳಗೆ ಮುಳ್ಳು ತಿರುಗಿದರೆ ಸರಿ. ತಿರುಗದಿದ್ದರೆ? ನಮ್ಮೂರಿನಲ್ಲಿ ಮನೆಯಲ್ಲಿ ಹೆರಿಗೆ ಮಾಡಿಸುವ ಸೂಲಗಿತ್ತಿಯರು ಯಾವಾಗಲೋ ಇಲ್ಲವಾಗಿದ್ದರು. ದೊಡ್ಡಾಸ್ಪತ್ರೆ ಇರುವಾಗ ಅವರ ಕೈಯನ್ನು ಕೇಳುವವರು ಯಾರು?

ಹೊಟ್ಟೆ ಮುಂದೆ ಬಂದ ಕಾಲಕ್ಕೆ ಒಂದು ಬೆಳಿಗ್ಗೆ ಮಂಚ ಸದ್ದು ಮಾಡಿತು. ದೊಡ್ಡ ಸದ್ದಲ್ಲ, ಬೆಕ್ಕು ಹತ್ತಿದಾಗ ಬರುವುದಕ್ಕಿಂತ ಚಿಕ್ಕದು. ನಾನು ಅಕ್ಕಿ ಆರಿಸುತ್ತಿದ್ದೆ. ಮೊರ ಕೆಳಗಿಟ್ಟು ಓಡಿದೆ. ದೇವೀರಿ ಮಂಚದ ಅಂಚಿನಲ್ಲಿ ಉಸಿರು ಹಿಡಿದು ಕೂತಿದ್ದಳು. "ಕೇಳಿಸ್ತಾ ಅತ್ತೆ?" ಅಂದಳು. ಕೇಳಿಸಿತು ಅಂದೆ. ಮೆಲ್ಲಗೆ ಎದ್ದು ಮತ್ತೆ ಕೂತಳು. ಕಿರ್. ಇಬ್ಬರೂ ಕೈಕೈ ಹಿಡಿದು ಹುಡುಗಿಯರ ಹಾಗೆ ನಕ್ಕೆವು. ನನ್ನ ಹೊಸ ಸೀರೆ ಉಡಿಸಿ, ಮುಡಿಗೆ ಹೂವಿಟ್ಟು, ಅವಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಭಟ್ಟಿಯ ಮುಂದೆ ಹಾದುಹೋಗುವಾಗ ಪಾಲಾಕ್ಷ ಕಂಡ. ಮಣ್ಣಿನಲ್ಲಿ ಮೊಳಕಾಲುದ್ದ ಹೂತುಕೊಂಡು ತುಳಿಯುತ್ತಿದ್ದ. ಅವನಿಗೆ ಹಗುರವೇನೂ ಆಗಿರಲಿಲ್ಲ. ಅದನ್ನು ನೋಡಿಯೂ ನನಗೆ ತಿಳಿಯಬೇಕಿದ್ದದ್ದು ತಿಳಿಯಲಿಲ್ಲ. ಬೇಕಾದ್ದನ್ನು ಮಾತ್ರ ಕೇಳುವ ಕಿವಿ ನನ್ನದಾಗಿತ್ತು.

ದೇವೀರಿ ಹಲಗೆ ತುಳಿದಳು. ಮುಳ್ಳು ಅಲುಗಿತು. ಒಂದೇ ಒಂದು ಗೆರೆ ದಾಟಿ ನಿಂತಿತು.

ಮಾಳಕ್ಕ ಮೂಗಿನ ತುದಿಗೆ ಕನ್ನಡಕ ಇಳಿಸಿ ನೋಡಿದಳು. ಮುಳ್ಳನ್ನು, ದೇವೀರಿಯ ಹೊಟ್ಟೆಯನ್ನು, ನನ್ನನ್ನು. "ಇದು ಇವಳದ್ದಲ್ಲ ಕಣವ್ವ," ಅಂದಳು ಮೆತ್ತಗೆ. "ಒಳಗಿರೋದರದ್ದು. ಅಪ್ಪ ಈ ಊರಿನವನು, ಕೂಸೂ ಈ ಊರಿನದೇ. ಅದಕ್ಕೆ ಯಾವ ತಡೆಯೂ ಇಲ್ಲ. ಬರಲಿ ಒಳಗೆ."

"ಅದು ಒಬ್ಬಂಟಿಯಾಗಿ ಹೇಗಮ್ಮ ಬರುತ್ತೆ?" ಅಂದೆ.

"ರೋಗಿ ಜೊತೆಗೆ ಒಬ್ಬರು ಇರಬಹುದು. ಇವಳು ಜೊತೆಗಿರೋಳು ಅಂತ ಬರಲಿ. ಆದ್ರೆ ಜೊತೆಗಿರೋರಿಗೆ ಇಲ್ಲಿ ಚಾಪೆ ಇದೆ, ಸೂಜಿ ಇಲ್ಲ. ಈಗಲೇ ಹೇಳಿದೀನಿ."

ಹೀಗೆ ನನ್ನ ಸೊಸೆ ತನ್ನ ಹೊಟ್ಟೆಯ ಕೂಸಿನ ಜೊತೆಗಿರುವವಳಾಗಿ ದೊಡ್ಡಾಸ್ಪತ್ರೆಯೊಳಗೆ ಹೋದಳು. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿದರು, ಕೊಳವೆ ಇಟ್ಟು ಕೇಳಿದರು, ಕೂಸು ಚೆನ್ನಾಗಿದೆ ಅಂದರು. ದೇವೀರಿಯ ಪಾದ ಎರಡೂ ಊದಿಕೊಂಡು ಕಾಲುಂಗುರ ಮಾಂಸದೊಳಗೆ ಕಚ್ಚಿತ್ತು. ಡಾಕ್ಟರಮ್ಮ ಅದನ್ನು ಕಂಡು ಕಿಟಕಿಯ ಕಡೆ ತಿರುಗಿದರು. ನಾವು ಹೊರಡುವಾಗ ನನ್ನನ್ನು ಕರೆದರು. "ಅಮ್ಮ, ನೀವು ಊರಿನವರು, ನಿಮಗೆ ಹೇಳಬಹುದು. ನಿಮ್ಮ ಕಾಲೇನಾದ್ರೂ ಊದಿದ್ರೆ ಎಡಮಗ್ಗುಲಿಗೆ ಮಲಗಿ, ದಿಂಬಿನ ಮೇಲೆ ಕಾಲಿಡಿ. ನಿಮಗೆ ತಲೆನೋವು ಜೋರಾಗಿ ಕಣ್ಣು ಮಂಜಾದ್ರೆ ಮಾತ್ರ ಒಂದು ಗಳಿಗೆಯೂ ತಡಮಾಡಬೇಡಿ." ನನ್ನ ಕಾಲು ಕಟ್ಟಿಗೆಯ ಹಾಗೆ ಒಣಗಿತ್ತು. ಆಗಲಿ ತಾಯಿ ಅಂದೆ.

ಮನೆಗೆ ಬಂದು ದೇವೀರಿ ಹೂವು ತೆಗೆದು ಕಿಟಕಿಯಲ್ಲಿಟ್ಟಳು. "ಅತ್ತೆ, ಹೆರಿಗೆ ಆಗೋ ತನಕ ಅದು ರೋಗಿ, ನಾನು ಜೊತೆಗಿರೋಳು. ಸರಿ. ಆದಮೇಲೆ?" ಅಂದಳು. ನಾನು ಅವಳ ಕಾಲಿನ ಉಂಗುರಕ್ಕೆ ಎಣ್ಣೆ ಹಚ್ಚಿ ಬಿಡಿಸತೊಡಗಿದೆ.

ಒಂದು ದಿನ ಬೆಳಗಿನ ತಿಂಡಿಗೆ ಕೂತಿದ್ದವಳು ತಟ್ಟೆಯನ್ನು ಹುಡುಕಿದಳು. ತಟ್ಟೆ ಅವಳ ಮುಂದೆಯೇ ಇತ್ತು. "ಅತ್ತೆ, ಎಲ್ಲ ಹೊಗೆ ಹೊಗೆ ಕಾಣ್ತಿದೆ. ತಲೆ ಸಿಡೀತಿದೆ," ಅಂದಳು. ಪಾಲಾಕ್ಷ ಭಟ್ಟಿಗೆ ಹೋಗಿಯಾಗಿತ್ತು. ಗಾಡಿ ಹುಡುಕಿಕೊಂಡು ಓಡಾಡುವ ಹೊತ್ತಲ್ಲ ಅದು. ನಾನು ಅವಳ ಬೆನ್ನಿಗೊಂದು ಕೈ, ಮಂಡಿಯ ಕೆಳಗೊಂದು ಕೈ ಹಾಕಿ ಎತ್ತಿಕೊಂಡೆ. ಎತ್ತುವ ಮೊದಲು ನನಗೆ ಅದು ಹೊಳೆದೇ ಇರಲಿಲ್ಲ. ಅಷ್ಟೆತ್ತರದ, ತುಂಬುಗರ್ಭಿಣಿ ಹೆಂಗಸು ನನ್ನ ತೋಳಿನಲ್ಲಿ ಒಣಗಿದ ಸೀರೆಯ ಹಾಗೆ ಇದ್ದಳು. ಕೂಸಿನ ಭಾರ ಮಾತ್ರ ತಿಳಿಯುತ್ತಿತ್ತು, ನಡುವೆ, ಒಂದು ಸಣ್ಣ ಕುಂಬಳಕಾಯಿಯಷ್ಟು. ಬೀದಿಯಲ್ಲಿ ಜನ ಬದಿಗೆ ಸರಿದು ದಾರಿ ಬಿಟ್ಟರು. ಕರಿಸಿದ್ಧಪ್ಪ ಮಂಡಕ್ಕಿ ಚೀಲ ಬಿಟ್ಟು ಎದ್ದು ಭಟ್ಟಿಯ ಕಡೆಗೆ ಓಡಿದ, ಪಾಲಾಕ್ಷನಿಗೆ ಹೇಳಲು. ಅವನು ಓಡಿದ್ದನ್ನು ನಾನು ಅಷ್ಟು ವರ್ಷಗಳಲ್ಲಿ ಮೊದಲ ಸಲ ಕಂಡೆ.

ಅವಳನ್ನು ಎತ್ತಿಕೊಂಡೇ ಹಲಗೆಯ ಮೇಲೆ ನಿಂತಾಗ ಮುಳ್ಳು ನನ್ನನ್ನು ತೋರಿಸಿತು, ಕೂಸನ್ನು ತೋರಿಸಿತು. ಮಾಳಕ್ಕ ಏನೂ ಕೇಳದೆ ಬಾಗಿಲು ತೆರೆದಳು.

ಮುಂದಿನದ್ದು ನನಗೆ ತುಂಡುತುಂಡಾಗಿ ನೆನಪಿದೆ. ಕೂಸಿಗೆ ತೊಂದರೆಯಾಗುತ್ತದೆ ಎಂದು ಡಾಕ್ಟರಮ್ಮ ಗಟ್ಟಿಯಾಗಿ ಹೇಳಿ ದೇವೀರಿಯ ತೋಳಿಗೆ ಸೂಜಿ ಹಾಕಿದರು, "ಇದು ಕೂಸಿನ ಔಷಧ" ಅಂತ ಎರಡು ಸಲ ಅಂದರು, ಬಾಗಿಲಲ್ಲಿದ್ದ ಮಾಳಕ್ಕನಿಗೆ ಕೇಳಿಸುವ ಹಾಗೆ. ಪಡಸಾಲೆಯಲ್ಲಿ ಪಾಲಾಕ್ಷ ಬಂದದ್ದು ತಿಳಿಯಿತು. ಹೆಜ್ಜೆಯೇ ಹೇಳುತ್ತಿತ್ತು. ಧೊಪ್, ಧೊಪ್, ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ. ದೇವೀರಿ ನನ್ನ ಕೈಯನ್ನು ಹಿಂಡುತ್ತ, "ಅವರು ನಡೀತಿದಾರಾ ಅತ್ತೆ?" ಅಂದಳು. ನಡೀತಿದಾನೆ ಮಗಳೇ ಅಂದೆ. ಅದನ್ನು ಕೇಳಿಕೊಂಡೇ ಅವಳು ನೋವು ತಿಂದಳು.

ಮಟಮಟ ಮಧ್ಯಾಹ್ನ ಕೂಸು ಬಂತು. ಹೆಣ್ಣು. ಬಂದ ಕೂಡಲೇ ಅತ್ತಿತು. ನಮ್ಮೂರಿನಲ್ಲಿ ಹೊಕ್ಕುಳಬಳ್ಳಿ ಕತ್ತರಿಸುವುದು ತಂದೆಯ ತಾಯಿ. ಡಾಕ್ಟರಾದರೂ ಅದಕ್ಕೆ ಕೈಹಾಕುವುದಿಲ್ಲ. ಸಿಸ್ಟರ್ ಕುದಿಸಿದ ಕತ್ತರಿಯನ್ನು ತಟ್ಟೆಯಲ್ಲಿಟ್ಟು ನನ್ನ ಮುಂದೆ ಹಿಡಿದಳು. "ತಗೊಳ್ಳಿ ಅಜ್ಜಿ, ನಿಮ್ಮ ಕೆಲಸ." ಕತ್ತರಿ ಎತ್ತಿಕೊಂಡೆ. ಆಗ ಕೆಳಗೆ ನೋಡಿದೆ. ರಕ್ತ ಮಂಚದ ಅಂಚಿನಿಂದ ಎಳೆಯಾಗಿ ಇಳಿಯುತ್ತಿತ್ತು. ಬೇಸಿನ್ನಿನಲ್ಲಿ ನಿಲ್ಲದೆ ನೆಲಕ್ಕೂ ಬಂದಿತ್ತು. ಇಷ್ಟು ರಕ್ತ ಅಷ್ಟು ಹಗುರವಾದ ಮೈಯಲ್ಲಿ ಎಲ್ಲಿತ್ತು?

"ಮಾಸು ಬಂದಿಲ್ಲ," ಅಂದರು ಡಾಕ್ಟರಮ್ಮ, ತಮ್ಮಷ್ಟಕ್ಕೆ. ಅವರ ಒಂದು ಕೈ ದೇವೀರಿಯ ಹೊಟ್ಟೆಯ ಮೇಲಿತ್ತು. ನನ್ನ ಕೈಯ ಕತ್ತರಿಯನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

ಬಾಗಿಲಲ್ಲಿ ಮಾಳಕ್ಕ ಮಗುವನ್ನು ಸುತ್ತಿಕೊಳ್ಳಲು ಬಿಳಿ ಬಟ್ಟೆ ಹಿಡಿದು ನಿಂತಿದ್ದಳು. "ಬಳ್ಳಿ ಆಯ್ತಾ? ಕೂಸನ್ನ ತೂಗಬೇಕು. ಆಮೇಲೆ ಜೊತೆಗಿದ್ದೋಳನ್ನ…" ಅಂದವಳು ನೆಲವನ್ನು ಕಂಡು ಅಲ್ಲಿಗೇ ನಿಲ್ಲಿಸಿದಳು.

ನಾನು ಕಲಿತವಳಲ್ಲ, ಆದರೆ ಅಷ್ಟು ಅರ್ಥವಾಯಿತು. ಬಳ್ಳಿ ಇರುವಷ್ಟು ಹೊತ್ತು ಎರಡು ಜೀವವೂ ಒಂದೇ ರೋಗಿ. ಕತ್ತರಿಸಿದ ಮೇಲೆ ಒಂದು ಊರಿನ ಕೂಸು, ಇನ್ನೊಂದು ಚಾಪೆಯವಳು. ಕತ್ತರಿಸಬೇಕಾದವಳು ನಾನು. ಬೇರೆ ಯಾರೂ ಕತ್ತರಿಸುವಂತಿಲ್ಲ.

ಆಗ ಪಡಸಾಲೆಯ ಹೆಜ್ಜೆ ನಿಂತಿತು.

ಧೊಪ್ ಅನ್ನುವುದನ್ನು ಕೇಳಿ ಕೇಳಿ ಅಭ್ಯಾಸವಾಗಿದ್ದ ಕಿವಿಗೆ ಆ ನಿಶ್ಶಬ್ದ ಕಪಾಳಕ್ಕೆ ಹೊಡೆದ ಹಾಗಾಯಿತು. ಬೆಂಚು ಎಳೆದ ಸದ್ದು. ಆಮೇಲೆ ಪಾಲಾಕ್ಷನ ದನಿ, ತೀರಾ ಚಿಕ್ಕವನಿದ್ದಾಗ ಕತ್ತಲಲ್ಲಿ ಕರೆಯುತ್ತಿದ್ದನಲ್ಲ, ಆ ದನಿ. "ಅವ್ವಾ, ನಾನು ಕೂತಿದೀನಿ."

ಆ ಕೋಣೆಯಲ್ಲಿದ್ದ ಎಲ್ಲರೂ ಈ ಊರಿನವರು. ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಿಸ್ಟರ್ ಕೈ ಬಾಯಿಗೆ ಹೋಯಿತು. ದೇವೀರಿಯ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು, ಕಣ್ಣು ಅರ್ಧ ಮುಚ್ಚಿತ್ತು. "ಅವರು ನಡೀತಿದಾರಾ?" ಅಂತ ಕೇಳುತ್ತಿದ್ದವಳು ಈಗ ಕೇಳಲಿಲ್ಲ.

ಕತ್ತರಿಯನ್ನು ಸೆರಗಿನಲ್ಲಿ ಸುತ್ತಿಕೊಂಡೆ. "ಮಾಳಕ್ಕ, ನನ್ನ ಕೈ ನಡುಗ್ತಿದೆ," ಅಂದೆ. ಸುಳ್ಳೇನಲ್ಲ.

ಮಾಳಕ್ಕ ನನ್ನ ಕೈ ನೋಡಿದಳು. ಊರಿನ ತಕ್ಕಡಿ ಕಾಯುವವಳು ಅವಳು, ಒಂದು ಗೆರೆಯನ್ನೂ ಯಾರಿಗೂ ಬಿಟ್ಟುಕೊಟ್ಟವಳಲ್ಲ. ಬಿಳಿಬಟ್ಟೆಯನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡಳು. "ನಡುಗೋ ಕೈಲಿ ಬಳ್ಳಿ ಕತ್ತರಿಸಬಾರದು ಕಣವ್ವ. ಕೂಸಿಗೆ ಆಗಲ್ಲ. ನಿಲ್ಲಲಿ ನಡುಕ. ನಾನು ಕಾಯ್ತೀನಿ," ಅಂದವಳು ಬಾಗಿಲನ್ನು ಹೊರಗಿನಿಂದ ಎಳೆದುಕೊಂಡಳು.

"ಸೂಜಿ!" ಅಂದರು ಡಾಕ್ಟರಮ್ಮ, ಬಾಗಿಲು ಮುಚ್ಚುವ ಮೊದಲೇ. "ಇನ್ನೊಂದು. ಬಾಟಲಿ ಮೇಲೆ ಹಿಡಿ. ಬೇಗ."

ನಾನು ಕೂಸನ್ನು ತಾಯಿಯ ಎದೆಯ ಮೇಲೇ ಇಟ್ಟು, ಬಳ್ಳಿ ಎಳೆಯದಂತೆ ಎರಡು ಕೈಯಲ್ಲೂ ತಡೆದು ಹಿಡಿದು ನಿಂತೆ. ಡಾಕ್ಟರಮ್ಮನ ತೋಳು ಮೊಣಕೈಯವರೆಗೆ ಕೆಂಪಾಗಿತ್ತು. ಮಾಸು ಬಂತು. ರಕ್ತ ನಿಲ್ಲಲಿಲ್ಲ. ಹೊಟ್ಟೆಯನ್ನು ಹಿಟ್ಟು ನಾದುವ ಹಾಗೆ ನಾದಿದರು. ಯಾರೂ ನನ್ನನ್ನು ಕತ್ತರಿ ಎಲ್ಲಿ ಎಂದು ಕೇಳಲಿಲ್ಲ. ನಾನು ಕೇಳುತ್ತಿದ್ದದ್ದು ಹೊರಗಿನದನ್ನು. ಏನೂ ಇರಲಿಲ್ಲ. ನನ್ನ ಮಗ ಹೊರಗೆ ಪದ್ಧತಿಯಂತೆ ಕೂತಿದ್ದ, ಯಾರಾದರೂ ಬಂದು ಎಬ್ಬಿಸಲಿ ಎಂದು. ಹೋಗಿ ಎಬ್ಬಿಸುವ ಮಾತು ನನ್ನ ಬಳಿ ಇರಲಿಲ್ಲ. ದೇವರನ್ನು ನೆನೆಯಲೂ ಹೆಸರು ಬಾಯಿಗೆ ಬರಲಿಲ್ಲ. ಭಾರ ಬರಲಿ, ಭಾರ ಬರಲಿ, ಅಷ್ಟನ್ನೇ ಅಂದುಕೊಂಡೆ. ಹೆತ್ತ ಮಗನ ಮೇಲೆ ಭಾರ ಬೀಳಲಿ ಎಂದು ಬೇಡಿಕೊಂಡ ತಾಯಿ ಬೇರೆಲ್ಲಾದರೂ ಇದ್ದಾಳೋ ಇಲ್ಲವೋ.

ಹೊರಗೆ ಬೆಂಚು ಕಿರ್ರೆಂದಿತು. ಆಮೇಲೆ ಲಟ್ಟೆಂದು ಮುರಿಯಿತು. ಪಾಲಾಕ್ಷ ನೆಲಕ್ಕೆ ಬಿದ್ದ ಸದ್ದು, ಧೊಪ್ ಅಂತ, ಗೋಡೆಯೇ ಅದುರುವ ಹಾಗೆ. ಮಾಳಕ್ಕ ಜೋರಾಗಿ ಬೈದಳು: "ಅಯ್ಯೋ ನಿನ್ನ ಮನೆ ಕಾಯ್ವಾಗ, ಸರ್ಕಾರದ ಬೆಂಚು ಕಣೋ ಅದು!" ಬೈಯುತ್ತಲೇ ಅಳುತ್ತಿದ್ದಳು. ಡಾಕ್ಟರಮ್ಮ ಕೈ ತೆಗೆದು, ಬೇಸಿನ್ನನ್ನು ನೋಡಿ, "ನಿಲ್ತಾ ಇದೆ," ಅಂದರು. ದೇವೀರಿಯ ರೆಪ್ಪೆ ಅಲುಗಿತು.

ನನ್ನ ಕೈಯ ನಡುಕ ಮಾತ್ರ ಸಂಜೆಯವರೆಗೂ ನಿಲ್ಲಲಿಲ್ಲ. ಡಾಕ್ಟರಮ್ಮ ಇನ್ನು ಭಯವಿಲ್ಲ ಎಂದ ಮೇಲೆ, ಅವರು ಇನ್ನೊಂದು ಸಲ ಅಂದ ಮೇಲೆ, ಬಳ್ಳಿ ಕತ್ತರಿಸಿದೆ.

ಹೊರಗೆ ಬರುವಾಗ ದೇವೀರಿ ಹಲಗೆಯ ಮೇಲೆ ಒಂದು ಗಳಿಗೆ ಹೆಚ್ಚು ನಿಂತಳು. ಕೂಸು ನನ್ನ ಕೈಯಲ್ಲಿತ್ತು. ಮುಳ್ಳು ಅಲುಗಲಿಲ್ಲ. "ಬರುತ್ತೆ ಹೋಗವ್ವ," ಅಂದಳು ಮಾಳಕ್ಕ, ಅವಳ ಕಡೆ ನೋಡದೆ.

ಬಾಣಂತನ ನಡುಮನೆಯ ಪಕ್ಕದ ಕೋಣೆಯಲ್ಲಾಯಿತು. ಮಂಚವನ್ನು ಅಲ್ಲಿಗೆ ಹಾಕಿಸಿದೆ, ಪಕ್ಕದಲ್ಲಿ ತೊಟ್ಟಿಲು. ಪಾಲಾಕ್ಷ ಅಟ್ಟದಲ್ಲಿ ಮಲಗುತ್ತಿದ್ದ. ಕೂಸಿನ ಕೆನ್ನೆ ತುಂಬಿಕೊಂಡಿತು, ದೇವೀರಿಯ ಮುಖಕ್ಕೆ ಬಣ್ಣ ಬಂತು, ಬೆಳ್ಳುಳ್ಳಿ ಸಾರು ಸಾಕು ಅಂತ ಜಗಳ ತೆಗೆಯುವಷ್ಟು ಶಕ್ತಿ ಬಂತು. ಆದರೆ ಅವಳು ಹೊರಳಿದರೆ ಮಂಚ ಸುಮ್ಮನಿರುತ್ತಿತ್ತು. ಕೂಸು ಹುಟ್ಟಿದ ಮೇಲೆ ಆ ಸಣ್ಣ ಕಿರ್ ಕೂಡ ಹೋಗಿತ್ತು. ಬಾಣಂತಿ ಸನ್ನಿ, ಶೀತ, ಎದೆಯ ಗಂಟು, ಒಂದೊಂದು ಹೆಸರನ್ನೂ ನೆನೆದು ಹೆದರುತ್ತ ನಾನು ದಿನ ದೂಡಿದೆ. ಬೆಳಿಗ್ಗೆ ಅಟ್ಟದ ಏಣಿ ನರಳುವುದನ್ನು ಕೇಳಿದರೆ ಒಂದು ದಿನ ಗೆದ್ದಂತೆ.

ಅವತ್ತು ಬೆಳಿಗ್ಗೆ ಹಾಲು ಒಲೆಯ ಮೇಲಿಟ್ಟು ಸೌಟು ತೊಳೆಯುತ್ತಿದ್ದೆ. ಏಣಿ ನರಳಲಿಲ್ಲ. ಇನ್ನೂ ಎದ್ದಿಲ್ಲ ಅಂದುಕೊಂಡು ತಿರುಗಿದರೆ ಪಾಲಾಕ್ಷ ಕೆಳಗಿನ ಮೆಟ್ಟಿಲ ಮೇಲಿದ್ದ. ಯಾವಾಗ ಇಳಿದನೋ, ಒಂದು ಸದ್ದೂ ಇಲ್ಲ. ಎರಡು ಕೈಯಲ್ಲೂ ಮೆಟ್ಟಿಲಿನ ಅಂಚನ್ನು ಹಿಡಿದು ಕೂತಿದ್ದ. ಕೋಣೆಯ ಬಾಗಿಲು ಅವನಿಗೆ ನಾಲ್ಕು ಮಾರು ದೂರವಿರಲಿಲ್ಲ, ಅತ್ತ ನೋಡಲಿಲ್ಲ. ನನ್ನನ್ನು ನೋಡಿದ.

"ಅವ್ವಾ," ಅಂದ. "ಕೂತಿದೀನಿ."

ಅವನ ಪಕ್ಕದಲ್ಲಿದ್ದವಳು ನಾನು. ಹೋಗಿ ನೋಡಬೇಕಾದವಳು ನಾನೇ. ಸೌಟು ಹಿಡಿದುಕೊಂಡೇ ಹೊರಟೆ. ದಿನಕ್ಕೆ ನೂರು ಸಲ ಓಡಾಡುವ ಜಾಗ, ನೆಲದ ಒಂದೊಂದು ಕಲ್ಲೂ ಪಾದಕ್ಕೆ ಹೊಸದಾಗಿತ್ತು. ಬಾಯಲ್ಲಿ ಎಷ್ಟೋ ವರ್ಷದ ಹಿಂದಿನ ಬೆಲ್ಲದ ರುಚಿ ಬಂತು. ಬಾಗಿಲು ತಳ್ಳಿದೆ. ಸಾಂಬ್ರಾಣಿಯ ಹೊಗೆ ಇನ್ನೂ ಇತ್ತು. ತೊಟ್ಟಿಲಲ್ಲಿ ಕೂಸು ತನ್ನ ಮುಷ್ಟಿಯನ್ನು ಚೀಪುತ್ತಿತ್ತು. ದೇವೀರಿ ಗೋಡೆಯ ಕಡೆ ಮುಖಮಾಡಿ ಮಲಗಿದ್ದಳು, ಕಂಬಳಿ ಕಿವಿಯವರೆಗೆ ಹೊದ್ದಿತ್ತು. ಉಸಿರಾಡುತ್ತಿದ್ದಾಳೋ ಇಲ್ಲವೋ ಆ ಮಬ್ಬಿನಲ್ಲಿ ಕಾಣಲಿಲ್ಲ. ಕರೆಯಲು ಬಾಯಿ ಬರಲಿಲ್ಲ. ಕರೆಯುವವರೆಗೆ ಅವಳು ಮಲಗಿದ್ದಾಳೆ, ಅಷ್ಟೆ. ಕರೆದ ಮೇಲೆ ಏನೋ. ಅಡುಗೆಮನೆಯಿಂದ ಹಾಲು ಉಕ್ಕಿ ಸೀದ ವಾಸನೆ ಬಂತು, ಹೋಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದೆ.

ಕೂಸಿಗೆ ಮುಷ್ಟಿ ಸಾಕಾಯಿತು. ಒಂದು ಸಣ್ಣ ದನಿ ತೆಗೆಯಿತು.

ದೇವೀರಿ ಹೊರಳಿದಳು.

ಮಂಚ ಕಿರ್ರೆಂದಿತು. ಬೆಕ್ಕಿಗೆ ಬರುವ ಸದ್ದಲ್ಲ, ಕೂಸಿಗೆ ಬಂದ ಸದ್ದಲ್ಲ. ಕೂಸು ತೊಟ್ಟಿಲಲ್ಲಿತ್ತು. ನಾಲ್ಕು ಕಾಲಿನ ನಾಲ್ಕು ಕೀಲೂ ಒಟ್ಟಿಗೆ ಕಿರುಚಿದವು, ನಮ್ಮ ಯಜಮಾನರು ಸೋತು ಕೈಮುಗಿದಿದ್ದರಲ್ಲ, ಆ ಹಾಳು ಸದ್ದು, ಪೂರ್ತಿಯಾಗಿ. ದೇವೀರಿ ಕಣ್ಣುಜ್ಜಿಕೊಂಡು ನನ್ನನ್ನು ನೋಡಿದಳು.

"ಏನತ್ತೆ, ಸೌಟು ಹಿಡ್ಕೊಂಡು ನಿಂತಿದೀರಾ? ಸಾರು ಬೇಡ ಅಂದಿದ್ದಕ್ಕೆ ಹೊಡೆಯೋಕಾ?"

ಒಮ್ಮೆ ಮೋಸಹೋದ ಕಿವಿ ನನ್ನದು. ಚೌಕಟ್ಟು ಬಿಡದೆ ಹೇಳಿದೆ: "ಇನ್ನೊಂದ್ಸಲ ಹೊರಳು ಮಗಳೇ, ಜೋರಾಗಿ. ಅವನಿನ್ನೂ ಅಲ್ಲಿ ಕೂತೇ ಇದಾನೆ."